ಗೊರಟಿಲ್ಲದ ವೀರ್ಯಾಣುವನ್ನು ‘ಜೊಳ್ಳು’ ಅನ್ನಬಹುದೇ?

ಬಳಗದವರಿಗೆ ದಾವಣಗೆರೆಯಿಂದ ನಮಸ್ಕಾರ. ಕಾಲೇಜು ಮಕ್ಕಳಿಗೆಂದು ಚಿಟ್ಟೆಗಳ ಮೇಲೊಂದು ಲೇಖನ ಬರೆಯುತ್ತಾ ಎರಡು ಪದಗಳಿಗೆ ಕನ್ನಡ ಹೊಳೆಯದೆ ಸಿಕ್ಕಿಬಿದ್ದಿದ್ದೇನೆ: ಯೂಪೈರೀನ್, ಎಪೈರೀನ್.

ಚಿಟ್ಟೆ, ಪತಂಗಗಳ ಗಂಡಿನಲ್ಲಿ ಎರಡು ಬಗೆಯ ವೀರ್ಯಾಣು ಹುಟ್ಟುತ್ತವೆ. ಒಂದರಲ್ಲಿ ಕೋಶಕೇಂದ್ರ ಇರುತ್ತದೆ, ಮೊಟ್ಟೆ ಫಲಿಸುವುದು ಅದರಿಂದಲೇ; ಅದು ಯೂಪೈರೀನ್. ಇನ್ನೊಂದು, ಅಂದರೆ ಎಪೈರೀನ್, ಬೆಳೆಯುತ್ತಲೇ ಕೋಶಕೇಂದ್ರವನ್ನು ಹೊರಹಾಕಿಬಿಡುತ್ತದೆ. ಹಲವು ಜಾತಿಗಳಲ್ಲಿ ಇವೇ ಬಹುಪಾಲು. ರೇಷ್ಮೆ ಹುಳುವಿನಲ್ಲಾದರೆ ಮೊದಲ ಬಗೆಯ ತಯಾರಿ ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳುವಿನಲ್ಲೇ ನಡೆದಿರುತ್ತದೆ. ಎರಡನೆಯದು ಶುರುವಾಗುವುದು ಗೂಡು ಕಟ್ಟುವ, ಪ್ಯೂಪಾ ಆಗುವ ಹೊತ್ತಿಗೆ.

ಹೊಳಲ್ಕೆರೆ ಕಡೆ ಹುಳು ಮೇಯಿಸುವ ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದೆ. “ಒಳಗೇನೂ ಇಲ್ಲ ಅಂದ್ರೆ ಜೊಳ್ಳು ಅನ್ನಪ್ಪ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತಿ” ಅಂದರು. ಪದ ಚೆನ್ನಾಗಿಯೇ ಇದೆ, ಭತ್ತ, ಶೇಂಗಾ ಕಂಡವರಿಗೆಲ್ಲ ಗೊತ್ತು. ಆದರೆ ಜೊಳ್ಳು ಅಂದರೆ ತೂರಿ ಎಸೆಯುವಂಥದ್ದು. ಇದು ಹಾಗಲ್ಲ. ರೇಷ್ಮೆ ಪತಂಗದಲ್ಲಿ ಈ ಬಗೆ ಸರಿಯಾಗಿ ರೂಪುಗೊಳ್ಳದಂತೆ ಒಂದು ಜೀನನ್ನು ಕೆಡಿಸಿದರೆ, ಕೇಂದ್ರವಿರುವ ವೀರ್ಯಾಣುಗಳು ಹೆಣ್ಣಿನ ವೀರ್ಯಚೀಲದವರೆಗೆ ಹೋಗುವುದೇ ಇಲ್ಲ, ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ. ದಾರಿ ಮಾಡಿಕೊಡುವವನನ್ನು ಜೊಳ್ಳು ಅನ್ನುವುದೇ?

‘ನಿರ್ಬೀಜ’ವೂ ಬೇಡ. ವೀರ್ಯಕ್ಕೇ ‘ಬೀಜ’ ಅನ್ನುವ ರೂಢಿ ಇರುವಾಗ ಬೀಜವಿಲ್ಲದ ಬೀಜ ಅಂದಂತಾಗುತ್ತದೆ.

1903ರ ಹೊತ್ತಿಗೆ ಈ ಹೆಸರುಗಳನ್ನಿಟ್ಟ ಜರ್ಮನಿಯ ಮೇವೆಸ್ ಆರಿಸಿಕೊಂಡದ್ದು ಗ್ರೀಕಿನ ‘ಪೈರೀನ್’, ಅಂದರೆ ಹಣ್ಣಿನ ಒಳಗಿನ ಗಟ್ಟಿ ಓಟೆ. ನನಗೆ ಮೊದಲು ಹೊಳೆದದ್ದೂ ಅದೇ: ಮಾವಿನ ವಾಟೆ. ಆದರೆ ಮಲೆನಾಡಿನವರಿಗೆ ವಾಟೆ ಅಂದರೆ ಟೊಳ್ಳಾದ ಬಿದಿರು! ‘ವಾಟೆ ವೀರ್ಯಾಣು’ ಅಂದರೆ ಇಲ್ಲಿ ತುಂಬಿದ್ದು, ಅಲ್ಲಿ ಖಾಲಿ. ಹಾಗಾಗಿ ಸದ್ಯಕ್ಕೆ ‘ಗೊರಟುಳ್ಳ’, ‘ಗೊರಟಿಲ್ಲದ’ ಎಂದು ಬರೆದಿಟ್ಟಿದ್ದೇನೆ. ಅಷ್ಟೇನೂ ಕಿವಿಗೆ ಇಂಪಾಗಿಲ್ಲ, ಒಪ್ಪುತ್ತೇನೆ.

ಒಳಗಿನ ತಿರುಳು ತೆಗೆದರೂ ಕೆಲಸಕ್ಕೆ ಬರುವ ವಸ್ತುವಿಗೆ ನಿಮ್ಮ ಕಡೆ ಏನಾದರೂ ಮಾತಿದೆಯೇ? ಚಳ್ಳಕೆರೆ, ಹಿರಿಯೂರಿನ ಶೇಂಗಾ ಬೆಳೆಯುವವರನ್ನು ಯಾರಾದರೂ ಕೇಳಿ ತಿಳಿಸಿದರೆ ಉಪಕಾರ.