ಅಸೈಲಮ್ ಕೇಳಿ ಬಂದವರಿಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ತೀವ್ರ ಕಾಯಿಲೆ’, ‘ದಿಲ್ ತಂಗ್’

ಎಲ್ಲರಿಗೂ ನಮಸ್ಕಾರ.

ನಾನು ಜರ್ಮನಿಯಲ್ಲಿ ನರ್ಸ್. ಬೇರೆ ದೇಶಗಳಿಂದ ಜೀವ ಉಳಿಸಿಕೊಳ್ಳಲು ಓಡಿಬಂದವರನ್ನು ಮೊದಲು ಇರಿಸುವ ಶಿಬಿರವೊಂದರಲ್ಲಿ ವಾರಕ್ಕೆರಡು ದಿನ ಕೆಲಸ. ಊರಿನ ಮಾಸಪತ್ರಿಕೆಗೆ ಅವರ ಆರೋಗ್ಯದ ಬಗ್ಗೆ ಬರೆಯಲು ಕೂತೆ. ಮೊದಲ ಸಾಲಿಗೇ ಪದ ಸಿಗದೆ ನಿಂತಿದ್ದೇನೆ.

‘ಅಸೈಲಮ್ ಸೀಕರ್’ಗೆ ನೀವು ಏನು ಬಳಸುತ್ತೀರಿ? ‘ನಿರಾಶ್ರಿತ’ ಆಗಲೇ ರೆಫ್ಯೂಜಿಗೆ ಹೋಗಿಬಿಟ್ಟಿದೆ. ಬೈಲಕುಪ್ಪೆಯ ಟಿಬೆಟಿಯನ್ನರನ್ನು 1960ರ ದಶಕದಿಂದ ಹಾಗೇ ಕರೆಯುತ್ತಿದ್ದೇವೆ. ಇವರು ಇನ್ನೂ ಅರ್ಜಿ ಹಾಕಿ ಕೂತವರು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿರಾಶ್ರಿತರು ಹೌದೋ ಅಲ್ಲವೋ ಎಂದು ತೀರ್ಮಾನವಾಗಿಲ್ಲ. ಅದೂ ಅಲ್ಲದೆ ಬೆಂಗಳೂರಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂದರೆ ಭಿಕ್ಷುಕರನ್ನು ತಂದು ಇಡುವ ಜಾಗ.

ಹಿಂದಿಯವರ ‘ಶರಣಾರ್ಥಿ’ ನಮಗೆ ಒಗ್ಗುವುದೇ ಇಲ್ಲ. ಶರಣು ಶರಣಾರ್ಥಿ ಅಂದರೆ ನಮಗೆ ನಮಸ್ಕಾರ ಅಲ್ವಾ? ‘ಆಶ್ರಯಾರ್ಥಿ’ ವ್ಯಾಕರಣಕ್ಕೆ ಸರಿ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. “ಆಶ್ರಯ ಮನೆಗೆ ಅರ್ಜಿ ಹಾಕಿದವರೇನೇ?” ಅಂದರು. ಇಂಗ್ಲಿಷ್ ಪದವನ್ನೇ ಇಡೋಣವೆಂದರೆ ‘ಅಸೈಲಮ್’ ಹಳಬರಿಗೆ ಹುಚ್ಚಾಸ್ಪತ್ರೆ. ಈಗಿನ ನಿಮ್ಹಾನ್ಸ್‌ಗೂ ಹಿಂದೆ ಆ ಹೆಸರೇ ಇತ್ತು, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಸದ್ಯಕ್ಕೆ ‘ಆಶ್ರಯ ಕೋರಿ ಬಂದವರು’ ಎಂದು ಇಟ್ಟಿದ್ದೇನೆ. ಪುಟಕ್ಕೆ ಹತ್ತು ಸಲ ಬಂದರೆ ಓದುವವರಿಗೆ ಬೇಜಾರು.

ಇನ್ನೊಂದು ಪದ ‘ಅಕ್ಯೂಟ್’. ಇಲ್ಲಿನ ಕಾನೂನಿನಲ್ಲಿ ಇವರಿಗೆ ಮೊದಮೊದಲು ಅಕ್ಯೂಟ್ ಕಾಯಿಲೆಗೆ ಮತ್ತು ನೋವಿಗೆ ಮಾತ್ರ ಚಿಕಿತ್ಸೆ. ಬಸುರಿ-ಬಾಣಂತಿಯರ ಆರೈಕೆ, ಲಸಿಕೆ ಬೇರೆ. ಈ ನಿರ್ಬಂಧ 18 ತಿಂಗಳಿತ್ತು, 2024ರಲ್ಲಿ 36 ಮಾಡಿದರು. ನಿಘಂಟು ನೋಡಿ ‘ತೀವ್ರ’ ಎಂದು ಹಾಕಿದರೆ ಓದುಗರು ಐಸಿಯು ಅಂದುಕೊಳ್ಳುತ್ತಾರೆ. ಅಕ್ಯೂಟ್ ಅಂದರೆ ಈಗಷ್ಟೇ ಶುರುವಾಗಿ ಬೇಗ ಏರಿದ್ದು. ರಾತ್ರಿ ಎದ್ದ ಹಲ್ಲುನೋವೂ ಅದೇ. ‘ದಿಢೀರ್ ಕಾಯಿಲೆ’ ಅನ್ನೋಣವೆಂದರೆ ದೋಸೆ ಹಿಟ್ಟಿನ ಪ್ಯಾಕೆಟ್ ಕಣ್ಣಿಗೆ ಬರುತ್ತೆ. ಮನಸ್ಸಿನ ಚಿಕಿತ್ಸೆ ಹೆಚ್ಚಾಗಿ ಇನ್ನೊಂದು ಕಲಮಿನಡಿ ಮಂಜೂರಾಗಬೇಕು. ಹಾಗಾಗಿ ಈ ಪದ ತಪ್ಪಿದರೆ ಮುಂದಿನ ಕತೆಯೇ ಅರ್ಥವಾಗಲ್ಲ.

ಒಂದು ದಿನ ಅಫ್ಘಾನಿಸ್ತಾನದ ಹುಡುಗ ಬಂದಿದ್ದ, ಇಪ್ಪತ್ತರ ಆಸುಪಾಸು. ಕ್ಷಯ ಇದೆಯಾ ಎಂದು ಎದೆಯ ಎಕ್ಸ್‌ರೇ ತೆಗೆದಿದ್ದರು. ಮಕ್ಕಳು, ಬಸುರಿಯರನ್ನು ಬಿಟ್ಟು ಶಿಬಿರಕ್ಕೆ ಬಂದವರಿಗೆಲ್ಲ ಅದು ಕಡ್ಡಾಯ. ಏನೂ ಇರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಎದೆ ಮೇಲೆ ಕೈಯಿಟ್ಟು ತನ್ನ ದರಿ ಭಾಷೆಯಲ್ಲಿ (ಅಫ್ಘಾನಿಸ್ತಾನದ ಪರ್ಷಿಯನ್) “ದಿಲಮ್ ತಂಗ್ ಶುದಾ” ಅಂದ. ಫೋನಿನಲ್ಲಿದ್ದ ದುಭಾಷಿ “ಎದೆ ಬಿಗಿಯುತ್ತಿದೆಯಂತೆ” ಅಂದರು. ಡಾಕ್ಟರ್ ತಕ್ಷಣ ಇಸಿಜಿ ಬರೆದರು. ಅದೂ ಸರಿಯಿತ್ತು. ಉರ್ದು ಕೇಳಿ ಬೆಳೆದ ನನಗೆ ತಂಗ್ ಅಂದರೆ ಬಿಗಿ, ಇಕ್ಕಟ್ಟು ಎಂದು ಗೊತ್ತಿತ್ತು. ಅದರಿಂದಲೇ ನಾನೂ ದಾರಿ ತಪ್ಪಿದೆ. ಮರುದಿನ ಇನ್ನೊಬ್ಬ ದುಭಾಷಿ ಬಿಡಿಸಿ ಹೇಳಿದರು. ದಿಲ್ ತಂಗ್ ಆಗೋದು ಅಂದರೆ ತನ್ನವರ ನೆನಪಾಗಿ ಜೀವ ಹಿಂಡೋದು. ಅವನು ಅಮ್ಮನ ದನಿ ಕೇಳಿ ನಾಲ್ಕು ತಿಂಗಳಾಗಿತ್ತು.

ನಮ್ಮಲ್ಲಿ “ಕರುಳು ಹಿಂಡಿದ ಹಾಗಾಯ್ತು” ಅಂದವರನ್ನು ಸ್ಕ್ಯಾನಿಂಗಿಗೆ ಕಳಿಸಿದ ಹಾಗೆ! ಆದರೆ ಆ ಮಾತಿಗೆ ಕನ್ನಡದಲ್ಲಿ ಏನು ಬರೆಯಲಿ? ‘ಮನೆ ನೆನಪು’ ತೀರಾ ಹಗುರ, ಹಾಸ್ಟೆಲ್ ಹುಡುಗರಿಗೂ ಇರುತ್ತೆ. ‘ಮಾನಸಿಕ ಆಘಾತ’ ಅಂದರೆ ಅವನು ಹೇಳಿದ್ದಕ್ಕಿಂತ ಜಾಸ್ತಿಯಾಯಿತು. ನಿಮ್ಮ ಕಡೆ ಆಡುವ ಮಾತಿದ್ದರೆ ಕಳಿಸಿ, ಹಳ್ಳಿಯದಾದರೆ ಇನ್ನೂ ಒಳ್ಳೆಯದು.

ಕೊನೆಗೊಂದು ಸಣ್ಣ ಪ್ರಶ್ನೆ. ವಿಚಾರಣೆ ಮುಗಿದು ಉತ್ತರಕ್ಕೆ ತಿಂಗಳುಗಟ್ಟಲೆ ಕೂತಾಗ ನಿದ್ದೆ ಕೆಡುತ್ತೆ, ಬಂದಾಗ ಗಟ್ಟಿಯಾಗಿದ್ದವರೂ ಕುಗ್ಗುತ್ತಾರೆ. ಅಲ್ಲಿ ‘ಕಾದು ಕಾದು ಬಳಲಿದರು’ ಎಂದು ಬರೆದೆ. ದಾರಿ ಕಾಯುವುದು, ಮೈ ಕಾಯುವುದು ಎರಡೂ ಒಂದೇ ಧಾತುವೇ, ಇಲ್ಲಾ ಸುಮ್ನೆ ದನಿ ಕೂಡಿದ್ದೇ? ಶುಕ್ರವಾರದೊಳಗೆ ತಿಳಿಸಿದರೆ ಲೇಖನದಲ್ಲಿ ಸೇರಿಸುತ್ತೇನೆ.