ಗಾಂಧಿ ಬಜಾರ್ ಸುತ್ತಮುತ್ತ ನಾಯಿ ಜೊತೆ ಬೆಳಗಿನ ವಾಕಿಂಗ್: ಯಾವ ದಾರಿ ಒಳ್ಳೆಯದು?

ಕೆಂಚಿ ಮನೆಯವರು:
ನಮಸ್ಕಾರ. ಈಚೆಗೆ ಹಾಸನದಿಂದ ಎನ್.ಆರ್. ಕಾಲೊನಿಗೆ ಬಂದಿದ್ದೇವೆ. ಜೊತೆಗೆ ನಮ್ಮ ಕೆಂಚಿ, ನಾಟಿ ನಾಯಿ. ಊರಲ್ಲಿ ತೋಟದ ತುಂಬ ಓಡಾಡಿಕೊಂಡಿದ್ದಳು. ಇಲ್ಲಿ ಗೇಟ್ ದಾಟಿದರೆ ಸಾಕು, ಬೀದಿನಾಯಿಗಳು ಎದ್ದು ಬರುತ್ತವೆ. ಇವಳು ಬಾಲ ಮಡಚಿಕೊಂಡು ಅಲ್ಲೇ ಕೂತುಬಿಡುತ್ತಾಳೆ. ಲಾಲ್‌ಬಾಗ್ ಒಳಗೆ ನಾಯಿ ಬಿಡುವುದಿಲ್ಲ ಅಂದರು. ಮತ್ತೆ ಎಲ್ಲಿಗೆ ಕರೆದುಕೊಂಡು ಹೋಗಲಿ?

ಹನುಮಂತನಗರದವ:
ಭಾನುವಾರ ಕಬ್ಬನ್ ಪಾರ್ಕ್‌ಗೆ ಹೋಗಿ. ಅವತ್ತು ಒಳಗೆ ಗಾಡಿ ಓಡಾಟ ಇರುವುದಿಲ್ಲ. ಬೆಲ್ಟ್ ಮಾತ್ರ ಬಿಚ್ಚಬೇಡಿ. ಮೆಟ್ರೊದಲ್ಲಿ ನಾಯಿಗೆ ಜಾಗವಿಲ್ಲ, ಆಟೊದವರನ್ನು ಮೊದಲೇ ಕೇಳಿಕೊಳ್ಳಿ.

ಬೋರನ ಅಮ್ಮ:
ಕಬ್ಬನ್ ಪಾರ್ಕ್ ವಾರಕ್ಕೊಮ್ಮೆ ಸರಿ. ಆದರೆ ದಿನಾ ಬೇಕಾಗುವುದು ನಿಮ್ಮ ಬೀದಿಯೇ ಅಲ್ವಾ? ಬೀದಿನಾಯಿಗಳಿಗೆ ಹೆದರಿ ಬೇರೆ ದಾರಿ ಹುಡುಕಬೇಡಿ, ಅಲ್ಲೂ ಬೇರೆ ನಾಯಿಗಳಿರುತ್ತವೆ. ಇವುಗಳ ಪರಿಚಯವನ್ನೇ ಮಾಡಿಕೊಳ್ಳಿ.

ಪ್ರತಿ ಗುಂಪಿಗೂ ಅನ್ನ ಹಾಕುವವರು ಒಬ್ಬರಿರುತ್ತಾರೆ. ಇಸ್ತ್ರಿ ಗಾಡಿಯವರೋ, ಹಾಲಿನ ಬೂತಿನವರೋ, ವಾಚ್‌ಮನ್ನೋ. ಅವರನ್ನು ಮಾತಾಡಿಸಿ, ನಾಯಿಗಳ ಹೆಸರು ಕೇಳಿ. ನಮ್ಮ ಬೀದಿಯ ಕರಿ ನಾಯಿಯೊಂದು ನನ್ನ ನಾಯಿ ಬೋರನನ್ನು ಕಂಡರೆ ಹಲ್ಲು ಕಿರಿಯುತ್ತಿತ್ತು. ಇಸ್ತ್ರಿಯಣ್ಣ "ಏಯ್ ರಾಜಾ, ಸುಮ್ನೆ ಮಲಕೋ" ಅಂದರೆ ಸಾಕು, ಗಾಡಿ ಕೆಳಗೆ ನುಸುಳುತ್ತಿತ್ತು. ಆಮೇಲೆ ನಾನು ಹೆಸರು ಹಿಡಿದು ಕರೆದರೂ ಕೇಳತೊಡಗಿತು.

ಬೀದಿನಾಯಿಯ ಕಿವಿ ತುದಿಯಲ್ಲಿ ಸಣ್ಣ ಕತ್ತರಿ ಗುರುತು ಇದೆಯಾ ನೋಡಿ. ಇದ್ದರೆ ಅದಕ್ಕೆ ಸಂತಾನಹರಣ ಆಗಿದೆ ಅಂತ. ಆಗಲೇ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ. ಆದರೆ ಆ ಲಸಿಕೆಯ ಅವಧಿ ಮುಗಿದಿರಬಹುದು, ಕೆಂಚಿಯದನ್ನು ವರ್ಷ ವರ್ಷ ತಪ್ಪಿಸಬೇಡಿ.

ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಬೀದಿನಾಯಿಗಳಿರುವ ಬದಿ ಬಿಟ್ಟು ಎದುರು ಬದಿಯಿಂದ ಹೋಗಿ. ಬೆಲ್ಟ್ ಬಿಗಿ ಹಿಡಿಯಬೇಡಿ. ನಿಮ್ಮ ಕೈ ಬಿಗಿಯಾದರೆ ಅವಳಿಗೂ ಗಾಬರಿ. ಅವಳು ಕೂರುವ ಜಾಗಕ್ಕೆ ಸ್ವಲ್ಪ ಮುಂಚೆಯೇ ತಿರುಗಿ ಬಂದುಬಿಡಿ, ನಾಳೆ ನಾಲ್ಕು ಹೆಜ್ಜೆ ಜಾಸ್ತಿ ಹೋದರಾಯಿತು.

ಬೆಳಕು ಹರಿಯುವ ಮುಂಚೆ ಗಾಂಧಿ ಬಜಾರ್ ಕಡೆ ಬನ್ನಿ. ಹೂವಿನವರು ಮೂಟೆ ಬಿಚ್ಚಿ ಸೇವಂತಿಗೆ ರಾಶಿ ಹಾಕುತ್ತಿರುತ್ತಾರೆ. ಒದ್ದೆ ಬಾಳೆಲೆ, ಗೋಣಿಚೀಲ, ದನದ ವಾಸನೆ, ಎಲ್ಲವೂ ನಾಯಿಯ ಮೂಗಿಗೆ ಹಬ್ಬ. ಬೋರ ಒಂದೊಂದು ಕಂಬದ ಹತ್ತಿರ ನಿಂತು, ಮೂತಿ ಒತ್ತಿ, ಮೂಗಿನ ಹೊಳ್ಳೆ ಅರಳಿಸಿಕೊಂಡು ಮೂಸುತ್ತಾನೆ. ನಾನು ಎಳೆಯುವುದಿಲ್ಲ. ವಾಕಿಂಗ್ ಅವನದು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಹೊರಡುವುದಾದರೆ ಅಂಗೈ ಹಿಂಬದಿಯನ್ನು ಟಾರಿಗೆ ಒತ್ತಿ ನೋಡಿ. ನಿಮಗೆ ಸುಟ್ಟರೆ ಅವಳ ಪಾದವೂ ಸುಡುತ್ತದೆ.

ಇನ್ನೊಂದು ಮಾತು. ಆ ಹೊತ್ತಿಗೆ ಹೆಂಗಸರು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುತ್ತಾರೆ. ಗೇಟುಗಳ ಹತ್ತಿರ ಬೆಲ್ಟ್ ಗಿಡ್ಡ ಮಾಡಿಕೊಳ್ಳಿ. ಹಳೇ ಪೇಪರ್ ಇಟ್ಟುಕೊಂಡು, ಅವಳು ಹೊಲಸು ಮಾಡಿದ್ದನ್ನು ಎತ್ತಿಬಿಡಿ. ಬೀದಿಯವರ ಪ್ರೀತಿ ಗಳಿಸುವುದಕ್ಕೆ ಇವೆರಡೇ ಸಾಕು.

ಕೆಂಚಿ ಮನೆಯವರು:
ತುಂಬಾ ಥ್ಯಾಂಕ್ಸ್ ಮೇಡಂ. ಬುಲ್ ಟೆಂಪಲ್ ರೋಡ್ ಕಡೆ ಹೋಗಬಹುದಾ?

ಬೋರನ ಅಮ್ಮ:
ಧಾರಾಳವಾಗಿ. ಕಾರ್ತಿಕದ ಕೊನೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ, ಅದರ ಹಿಂದೆಮುಂದಿನ ದಿನಗಳಲ್ಲಿ ಮಾತ್ರ ಬೇಡ. ಜನಸಾಗರ, ಪೀಪಿ ಸದ್ದು, ತೋಟದಲ್ಲಿ ಬೆಳೆದವಳು ಕಂಗಾಲಾಗುತ್ತಾಳೆ. ಆಗ ನಮ್ಮ ಮನೆ ಕಡೆ ಬನ್ನಿ, ಬೋರ ಒಳ್ಳೆಯವನು.