ಇಂಕ್‌ಸ್ಕೇಪ್: ಬೀಗ ಹಾಕಿ ಕಿರಿದುಮಾಡಿದರೂ ಆಯತದ ಅನುಪಾತ ಕೆಡುತ್ತಿದೆ

ಪ್ರಶ್ನೆ: ಚಿತ್ರ ರಚಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ನಾಮಫಲಕವೊಂದಕ್ಕಾಗಿ 100 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಆಯತವನ್ನು ರಚಿಸಿ, ಅದಕ್ಕೆ 4 ಮಿ.ಮೀ. ದಪ್ಪದ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟಿದ್ದೇನೆ. ಅಗಲ ಮತ್ತು ಎತ್ತರಗಳ ನಡುವಿನ ಬೀಗದ ಗುರುತನ್ನು ಒತ್ತಿಯೇ ಅರ್ಧಕ್ಕೆ ಇಳಿಸಿದರೂ ಆಕಾರ ಮೊದಲಿಗಿಂತ ಚಪ್ಪಟೆಯಾಗಿದೆ. ಸ್ಟ್ರೋಕ್ ಮಾತ್ರ ಹಿಂದಿನಷ್ಟೇ ದಪ್ಪವಿದೆ. ಕಂಟ್ರೋಲ್ ಕೀಲಿಯನ್ನು ಹಿಡಿದು ಮೂಲೆಯನ್ನು ಎಳೆದರೂ ಇದೇ ಫಲಿತಾಂಶ. ಕಾರಣವನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಬೀಗ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಆದರೆ ಅದು ಹಿಡಿದಿರುವ ಅಳತೆ ಬೇರೆ. ಇಂಕ್‌ಸ್ಕೇಪ್ ಸಾಮಾನ್ಯವಾಗಿ ಬಳಸುವ ವಿಶುವಲ್ ಬೌಂಡಿಂಗ್ ಬಾಕ್ಸ್‌ನಲ್ಲಿ, ಅಂದರೆ ಆಕಾರವನ್ನು ಸುತ್ತುವರಿದು ಅಳೆಯುವ ಚೌಕಟ್ಟಿನಲ್ಲಿ, ಸ್ಟ್ರೋಕ್ ಕೂಡ ಸೇರಿರುತ್ತದೆ. ಸ್ಟ್ರೋಕ್ ಪಾತ್‌ನ (ಆಕಾರದ ಮೂಲ ರೇಖೆಯ) ಎರಡೂ ಬದಿಗೆ ಅರ್ಧರ್ಧ ಹರಡುವುದರಿಂದ ನಿಮ್ಮ ಆಯತ ಅದರ ಲೆಕ್ಕದಲ್ಲಿ 104 × 24. ಅರ್ಧ ಮಾಡಿದರೆ 52 × 12 ಆಗುತ್ತದೆ. ಸ್ಟ್ರೋಕ್ 4 ಮಿ.ಮೀ.ನಲ್ಲೇ ಉಳಿದಿರುವುದರಿಂದ ಪಾತ್‌ಗೆ ದಕ್ಕುವುದು 48 × 8 ಮಾತ್ರ, ಅಂದರೆ 5:1 ಇದ್ದ ಅನುಪಾತ 6:1 ಆಗಿದೆ. ಸ್ಟ್ರೋಕ್ ತೆಳುವಾಗಿದ್ದಾಗ ಇದು ಕಣ್ಣಿಗೇ ಬೀಳುವುದಿಲ್ಲ.

ಸ್ಟ್ರೋಕ್ ಕೂಡ ಆಕಾರದೊಂದಿಗೆ ಕಿರಿದಾಗಬೇಕಿದ್ದರೆ, ಸೆಲೆಕ್ಟರ್ ಟೂಲ್ ಆರಿಸಿದಾಗ ಮೇಲಿನ ಪಟ್ಟಿಯಲ್ಲಿ ಕಾಣುವ ನಾಲ್ಕು ಪುಟ್ಟ ಗುಂಡಿಗಳಲ್ಲಿ ಸ್ಟ್ರೋಕ್ ದಪ್ಪಕ್ಕೆ ಸಂಬಂಧಿಸಿದುದನ್ನು ಒತ್ತಿಡಿ. ಆಗ ಆಯತ 50 × 10, ಸ್ಟ್ರೋಕ್ 2 ಮಿ.ಮೀ. ಆಗುತ್ತದೆ. ದಪ್ಪ ಬದಲಾಗದೆ ಆಯತವಷ್ಟೇ ಕಿರಿದಾಗಬೇಕಿದ್ದರೆ, ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಟೂಲ್ಸ್ ವಿಭಾಗಕ್ಕೆ ಹೋಗಿ, ಸ್ಟ್ರೋಕ್ ಬಿಟ್ಟು ಪಾತ್ ಅನ್ನಷ್ಟೇ ಅಳೆಯುವ ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್ ಆರಿಸಿ. ನಾಮಫಲಕಕ್ಕೆ ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ಅಕ್ಷರಗಳಿಗೂ ಸ್ಟ್ರೋಕ್ ಇದ್ದು ಅದು ಕಿರಿದಾಗದಿದ್ದರೆ ‘ಥ’ದ ಹೊಟ್ಟೆಯೊಳಗಿನ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಂಡು, ಒತ್ತಕ್ಷರಗಳು ಮೇಲಿನ ಅಕ್ಷರದೊಂದಿಗೆ ಬೆರೆತುಹೋಗುತ್ತವೆ.

ಮರುಪ್ರಶ್ನೆ: ಗುಂಡಿಯನ್ನು ಒತ್ತಿದ ಮೇಲೆ ಅಳತೆ ಸರಿಯಾಗಿದೆ, ಧನ್ಯವಾದಗಳು. ಆದರೆ ದುಂಡಗಿನ ಮೂಲೆಗಳಿರುವ ಇನ್ನೊಂದು ಆಯತವನ್ನು ಕಿರಿದುಮಾಡಿದಾಗ ಮೂಲೆಗಳು ಅತಿಯಾಗಿ ದುಂಡಗೆ ಕಾಣುತ್ತವೆ. ಕಡತವನ್ನು ಮುದ್ರಣಾಲಯಕ್ಕೂ ಕಳುಹಿಸಬೇಕಿದೆ.

ಉತ್ತರ: ಮೂಲೆಗಳಿಗೆ ಪಕ್ಕದಲ್ಲೇ ಪ್ರತ್ಯೇಕ ಗುಂಡಿಯಿದೆ, ಅದನ್ನೂ ಒತ್ತಿಡಿ. ಮುದ್ರಣಾಲಯದವರ ಕಂಪ್ಯೂಟರ್‌ನಲ್ಲಿ ಯಾವ ಆಯ್ಕೆ ಜಾರಿಯಲ್ಲಿರುತ್ತದೋ ಹೇಳಲಾಗದು. ಆದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ಉಳಿಸಿಕೊಂಡು, ಕಳುಹಿಸುವ ಪ್ರತಿಯಲ್ಲಿ ಪಾತ್ ಮೆನುವಿನ ಸ್ಟ್ರೋಕ್ ಟು ಪಾತ್ ಬಳಸಿ. ಆಗ ಸ್ಟ್ರೋಕ್ ತಾನೇ ಆಕಾರವಾಗುತ್ತದೆ, ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಉಳಿದುದರೊಂದಿಗೆ ಸಮನಾಗಿ ಬದಲಾಗುತ್ತದೆ. ದಪ್ಪವನ್ನು ಮಾತ್ರ ಸಂಖ್ಯೆ ಕೊಟ್ಟು ತಿದ್ದಲು ಬರುವುದಿಲ್ಲ.